ಟರ್ಪೆಂಟೈನ್: ಪೈನ್ ಮರದ ಅಂಟಿನಿಂದ ಕೊಟ್ಟಿಗೆಯ ಬಾಟಲಿವರೆಗೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಪೇಂಟ್ ಅಂಗಡಿಯಲ್ಲಿ ಟರ್ಪೆಂಟೈನ್ ಕೇಳಿದರೆ ಸಾಮಾನ್ಯವಾಗಿ ಕೊಡುವುದು ಪೆಟ್ರೋಲಿಯಂನಿಂದ ತೆಗೆದ ಮಿನರಲ್ ಟರ್ಪೆಂಟೈನ್. ಬ್ರಷ್ ತೊಳೆಯಲು ಅದು ಸಾಕು. ಆದರೆ ಅಜ್ಜಿ ಕಾಲದ ಬಳಕೆಗಳೆಲ್ಲ ಮರದ ಎಣ್ಣೆಯವು.

ನಮ್ಮ ದೇಶದಲ್ಲಿ ಆ ಮರ ಚಿರ್ ಪೈನ್. ಹಿಮಾಚಲ, ಉತ್ತರಾಖಂಡದ ಬೆಟ್ಟಗಳಲ್ಲಿದೆ. ಆಯುರ್ವೇದದ ‘ಸರಳ’ ಮರ ಇದೇ. ತೊಗಟೆ ಕೆತ್ತಿ ಕೆಳಗೊಂದು ಬಟ್ಟಲು ಸಿಕ್ಕಿಸುತ್ತಾರೆ. ರಬ್ಬರ್ ತೋಟ ನೋಡಿದವರಿಗೆ ಇಷ್ಟು ಹೇಳಿದರೆ ಸಾಕು ಅಲ್ವಾ? ಇಳಿಯುವ ಅಂಟಿಗೆ ಉತ್ತರಾಖಂಡದವರು ‘ಲೀಸಾ’ ಅನ್ನುತ್ತಾರೆ. ಅದನ್ನು ಬಟ್ಟಿ ಇಳಿಸಿದರೆ ಆವಿಯಾಗಿ ಹೋಗಿ ತಣಿದದ್ದು ಟರ್ಪೆಂಟೈನ್, ತಳದಲ್ಲಿ ಉಳಿದದ್ದು ರಾಳ. ಪಾಲು ರಾಳದ್ದೇ ಜಾಸ್ತಿ, 100 ಕೆಜಿಗೆ ಸುಮಾರು 70 ಕೆಜಿ. ಪಿಟೀಲಿನ ಕಮಾನಿಗೆ ಉಜ್ಜುವುದು ಅದನ್ನೇ.

ಎಣ್ಣೆಯ ಮುಖ್ಯ ಅಂಶಗಳಲ್ಲಿ ಒಂದು ಆಲ್ಫಾ ಪೈನೀನ್. ಕಾರ್ಖಾನೆಯಲ್ಲಿ ಕರ್ಪೂರ ಮಾಡುವುದು ಇದರಿಂದ. ಮಂಗಳಾರತಿ ತಟ್ಟೆಯಲ್ಲಿ ಉರಿಯುವುದರ ಮೂಲವೂ ಎಷ್ಟೋ ಸಲ ಪೈನ್ ಮರವೇ!

ಮೇಣ, ಜಿಡ್ಡು ಕರಗಿಸಿ ತಾನು ಹಾರಿಹೋಗುವುದು ಇದರ ಗುಣ. ಹಾಗಾಗಿ ಜೇನುಮೇಣದ ಜೊತೆ ಸೇರಿಸಿದರೆ ಮರದ ಸಾಮಾನಿಗೆ ಪಾಲಿಶ್. ಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಒಲೆ ಪೂರ್ತಿ ಆರಿಸಿದ ಮೇಲೆಯೇ ಎಣ್ಣೆ ಬೆರೆಸಬೇಕು. ಸುಮಾರು 35 ಡಿಗ್ರಿಗೇ ಇದರ ಆವಿ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ.

ನನಗೆ ಇದು ಮೊದಲು ಪರಿಚಯವಾಗಿದ್ದು ಕೊಟ್ಟಿಗೆಯಲ್ಲಿ. ಎತ್ತಿನ ಗಾಯದಲ್ಲಿ ಹುಳ ಬಿದ್ದಿತ್ತು. ಟರ್ಪೆಂಟೈನ್‌ನಲ್ಲಿ ಅದ್ದಿದ ಹತ್ತಿಯನ್ನು ಅಪ್ಪ ಗಾಯದೊಳಗೆ ಒತ್ತಿದರು. ಸ್ವಲ್ಪ ಹೊತ್ತಿಗೆ ಬಿಳಿ ಹುಳಗಳು ಮಿಸುಕಾಡುತ್ತ ಮೇಲೆ ಬಂದವು. ಚಿಮಟದಲ್ಲಿ ಒಂದೊಂದೇ ಕಿತ್ತರು. ಎತ್ತು ಒದ್ದಿದ್ದೂ ನೆನಪಿದೆ, ಉರಿ ಇರುತ್ತದಲ್ಲ. ಹೊಟ್ಟೆ ಉಬ್ಬರಿಸಿದ ದನಕ್ಕೆ ಇದನ್ನು ಬೇರೆ ಎಣ್ಣೆಯಲ್ಲಿ ಬೆರೆಸಿ ಕುಡಿಸುವ ಪದ್ಧತಿಯೂ ಇತ್ತು. ಅದು ಪಶುವೈದ್ಯರ ಕೆಲಸ, ನಾವು ಕೈ ಹಾಕುವಂಥದ್ದಲ್ಲ.

ಮನುಷ್ಯರಿಗೆ? ಕೀಲುನೋವಿಗೆ ಹಚ್ಚುವ ಮುಲಾಮುಗಳಲ್ಲಿ ಇರುತ್ತದೆ, ವಿಕ್ಸ್ ಡಬ್ಬಿಯ ಪಟ್ಟಿಯಲ್ಲೂ ಇದೆ. ಹಿಂದೆ ಜಂತುಹುಳಕ್ಕೆ ಕುಡಿಯುತ್ತಿದ್ದರು. ಅದನ್ನು ಇತಿಹಾಸ ಅಂತ ಮಾತ್ರ ಓದಿಕೊಳ್ಳಿ, ಇದು ವಿಷ. ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು. ಕಾರಣ ಬರೆದುಕೊಳ್ಳಿ: ತೆಳುವಾದ ಈ ಎಣ್ಣೆ ವಾಂತಿಯ ಜೊತೆ ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ.