ಬೋಟಿನ ಅಂಟು ಒಳಗಿಂದೊಳಗೇ ಬಿಡ್ತಿದ್ರೆ ಮೀಟರಲ್ಲಿ ಗೊತ್ತಾಗುತ್ತಾ?

ಗೋವಾದ ವಾಸ್ಕೋದಲ್ಲಿ ಫೈಬರ್ ಬೋಟ್ ರಿಪೇರಿ ಮಾಡೋ ಕಾರವಾರದ ಕಡೆಯವ್ರೊಬ್ರು ಕೇಳಿದಾರೆ: "ಸರ್, ಎಪಾಕ್ಸಿ ಅಂಟು ಹಚ್ಚಿದ ಜಾಯಿಂಟ್ ಮೇಲಿಂದ ಚೆನ್ನಾಗೇ ಕಾಣುತ್ತೆ, ಒಂದಿನ ಇದ್ದಕ್ಕಿದ್ದಂಗೆ ಎದ್ದು ಬರುತ್ತೆ. ನ್ಯಾನೊ ಕಾರ್ಬನ್ ಬೆರೆಸಿದ್ರೆ ಮೊದ್ಲೇ ತಿಳಿಯುತ್ತಂತೆ, ಹೌದಾ?"

ಹೌದು, ತಿಳಿಯುತ್ತೆ, ಆದ್ರೆ ಒಂದು ತರದ ಫಾಲ್ಟ್ ಮಾತ್ರ ತಪ್ಪಿಸ್ಕೊಳುತ್ತೆ, ಅದನ್ನ ಆಮೇಲೆ ಹೇಳ್ತೀನಿ.

ಬರೀ ಎಪಾಕ್ಸೀಲಿ ಕರೆಂಟ್ ಹರಿಯಲ್ಲ. ಕಾರ್ಬನ್ ನ್ಯಾನೊಟ್ಯೂಬ್ ಅಂದ್ರೆ ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಕೊಳವೆ, ದಪ್ಪಕ್ಕೆ ಹೋಲಿಸಿದ್ರೆ ಭಾಳ ಉದ್ದ, ಹಂಗಾಗಿ ತೂಕದಲ್ಲಿ 0.1 ಪರ್ಸೆಂಟ್ ಆಸುಪಾಸು ಹಾಕಿದ್ರೂ ಸಾಕು, ಮೀನಿನ ಬಲೆ ತರ ಹೆಣೆದ್ಕೊಂಡು ಕರೆಂಟಿಗೆ ದಾರಿ ಮಾಡಿಕೊಡುತ್ತೆ. ಪೂರ್ತಿ ತಾಗಿರ್ಲೇಬೇಕು ಅಂತಿಲ್ಲ, ಒಂದೆರಡು ನ್ಯಾನೊಮೀಟರ್ ಗ್ಯಾಪ್ ಇದ್ರೂ ಎಲೆಕ್ಟ್ರಾನ್ ದಾಟುತ್ತೆ, ಇದಕ್ಕೆ ಟನಲಿಂಗ್ ಅಂತಾರೆ, ಆ ಗ್ಯಾಪ್ ಚೂರು ಹಿಗ್ಗಿದ್ರೂ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಆಗೋ ತಡೆ, ಸರ್ರಂತ ಏರುತ್ತೆ, ಮೀಟರಲ್ಲಿ ಅಳೆಯೋದು ಅದನ್ನೇ. ಬಿರುಕು ಬಿಟ್ರಂತೂ ಬಲೆನೇ ಹರಿದಂಗೆ.

ನಿಮಗೊಂದು ಅನುಕೂಲ ಇದೆ, ಗ್ಲಾಸ್ ಫೈಬರಲ್ಲಿ ಕರೆಂಟ್ ಹರಿಯಲ್ಲ, ಅಂದ್ರೆ ಮೀಟರ್ ತೋರ್ಸೋದು ಅಂಟಿನ ಕತೆ ಮಾತ್ರ.

ಈಗ ಓದೋದು ಹೇಗೆ? ಅಲೆ ಹೊಡೆದಾಗ ರೀಡಿಂಗ್ ಏರಿ, ಆಮೇಲೆ ಮೊದಲಿನ ಜಾಗಕ್ಕೇ ಇಳಿದ್ರೆ ಸಾಮಾನ್ಯವಾಗಿ ಭಯ ಇಲ್ಲ, ಜಾಯಿಂಟ್ ಎಳೆದ್ಕೊಂಡು ವಾಪಸ್ ಬಂತು ಅಷ್ಟೇ. ಪ್ರತೀ ಸಲ ಸ್ವಲ್ಪ ಮೇಲೇ ನಿಲ್ತಾ ಹೋದ್ರೆ ಒಳಗೆ ಬಿರುಕು ಬೆಳೀತಿದೆ ಅಂತ ಅನುಮಾನ ಪಡ್ಲೇಬೇಕು. ಇನ್ನೊಂದು, ಭಾರ ತೆಗೆದಾಗ ಬಿರುಕಿನ ಎರಡೂ ಬದಿ ಮತ್ತೆ ತಾಗಿ ರೀಡಿಂಗ್ ಸರಿ ಇದ್ದಂಗೆ ಕಾಣಬಹುದು, ಅದಕ್ಕೇ ಬೋಟ್ ದಡದ ಮೇಲಿದ್ದಾಗ ಅಳೆದು ಸುಮ್ನಾಗ್ಬೇಡಿ, ಲೋಡ್ ಇದ್ದಾಗ್ಲೂ ಅಳೀರಿ.

ಗೋವಾದ ಹವೆಯಲ್ಲಿ ನಿಜವಾದ ತಲೆನೋವು ತೇವ. ನೀರು ಹೀರಿ ಎಪಾಕ್ಸಿ ಉಬ್ಬಿದ್ರೂ ಕೊಳವೆಗಳು ದೂರ ಆಗ್ತವೆ, ಬಿಸಿಲಿಗೂ ರೀಡಿಂಗ್ ಅಲ್ಲಾಡುತ್ತೆ, ಬಿರುಕೇ ಇರಲ್ಲ. ಅದೇ ಅಂಟಿನ ಭಾರ ಬೀಳದ ತುಂಡೊಂದನ್ನ ಪಕ್ಕದಲ್ಲೇ ಇಟ್ಟು ಎರಡನ್ನೂ ಹೋಲಿಸಿ ನೋಡ್ಬೇಕು.

ತಪ್ಪಿಸ್ಕೊಳೋ ಫಾಲ್ಟ್ ಯಾವುದಂದ್ರೆ, ಎಣ್ಣೆ ಇಲ್ಲಾ ವ್ಯಾಕ್ಸ್ ಉಳಿದ ಮೈಗೆ ಹಚ್ಚಿದ ಅಂಟು. ತಾಗಿರುತ್ತೆ, ಹಿಡಿದಿರಲ್ಲ. ಬಲೆ ಅಂಟಿನೊಳಗೆ ಹರಿಯದೇ ಇರೋದ್ರಿಂದ ರೀಡಿಂಗ್ ಬದಲಾಗಲ್ಲ, ಅಲ್ಟ್ರಾಸೌಂಡಿಗೂ ಸಿಗೋದು ಕಷ್ಟ. ಅದಕ್ಕೆ ಉಜ್ಜಿ ಒರೆಸಿ ಹಚ್ಚೋದೊಂದೇ ದಾರಿ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಅಂತ ಟ್ರಾಲರ್ ದಡದಲ್ಲೇ ಇರ್ತವಲ್ಲ, ಆಗ ಮೊದ್ಲು ಎರಡು ಪಟ್ಟಿ ಅಂಟಿಸಿ, ಎಳೆದು ಮುರಿದು, ರೀಡಿಂಗ್ ಬರೆದಿಟ್ಕೊಳಿ. ನ್ಯಾನೊಟ್ಯೂಬ್ ಪುಡಿ ಕೈಯಲ್ಲಿ ಕಲಸ್ಬೇಡಿ, ಗಂಟು ಕಟ್ಟುತ್ತೆ, ಉಸಿರಿಗೂ ಕೆಟ್ಟದ್ದು, ಎಪಾಕ್ಸಿ ರೆಸಿನ್‌ನಲ್ಲಿ ಮೊದಲೇ ಬೆರೆಸಿದ್ದು ಸಿಕ್ರೆ ಅದನ್ನೇ ತಗೊಳಿ.