ಇಂಗ್ಲೆಂಡಿನ ಫ್ಲಾಟ್, ಲೀಸಿನಲ್ಲಿ ಉಳಿದಿರುವುದು 80 ವರ್ಷ 7 ತಿಂಗಳು: ಕೊಳ್ಳಬಹುದಾ?

ಪ್ರಶ್ನೆ: ನಾನು, ನನ್ನ ಹೆಂಡತಿ ಸ್ಲೌನಲ್ಲಿ ಬಾಡಿಗೆಗಿದ್ದೇವೆ. ಎರಡು ಬೆಡ್‌ರೂಮಿನ ಒಂದು ಫ್ಲಾಟ್ ಇಷ್ಟವಾಗಿದೆ. 2,80,000 ಪೌಂಡಿಗೆ ಮಾತಾಗಿದೆ. ಅದು ಲೀಸ್‌ಹೋಲ್ಡ್, 80 ವರ್ಷ 7 ತಿಂಗಳು ಉಳಿದಿದೆ. ‘ಬೇಗ ಮುಗಿಸಿದರೆ ಒಳ್ಳೆಯದು’ ಎಂದಷ್ಟೇ ಸಾಲಿಸಿಟರ್ (ಖರೀದಿ ನೋಡಿಕೊಳ್ಳುವ ವಕೀಲರು) ಹೇಳಿದರು. ಬೆಂಗಳೂರಿನಿಂದ ಅಪ್ಪ ಫೋನಿನಲ್ಲಿ, ‘ಅದು ಭೋಗ್ಯದ ಮನೆ ಅಲ್ವೇನೋ, ಅಷ್ಟು ದುಡ್ಡು ಕೊಟ್ಟು ಯಾಕೆ ತಗೋತೀಯ?’ ಅಂತಾರೆ. ಕೊಳ್ಳಬಹುದಾ, ಬಿಡಬೇಕಾ?

ಉತ್ತರ: ಕೊಳ್ಳಬಹುದು. ಆದರೆ ಕಾಂಟ್ರಾಕ್ಟ್ ಎಕ್ಸ್‌ಚೇಂಜ್, ಅಂದರೆ ಎರಡೂ ಕಡೆಯವರು ಸಹಿ ಹಾಕಿದ ಕರಾರಿನ ಅದಲುಬದಲು, ಆಗುವ ಮೊದಲೇ ಒಂದು ಕೆಲಸ ಆಗಬೇಕು, ಕೆಲವು ಕಾಗದ ಕೈಗೆ ಬರಬೇಕು. ಎಕ್ಸ್‌ಚೇಂಜ್ ಆದಮೇಲೆ ಹಿಂದೆ ಸರಿದರೆ ಸಾಮಾನ್ಯವಾಗಿ ಬೆಲೆಯ ಶೇಕಡಾ 10ರಷ್ಟಿರುವ ಮುಂಗಡವೇ ಹೋಗುತ್ತದೆ. ಅಲ್ಲಿಯವರೆಗೆ ಮಾತ್ರ ಕೇಳುವ ಬಲ ನಿಮಗಿದೆ.

ಮೊದಲು ನಿಮ್ಮ ಅಪ್ಪನ ಮಾತು. ಲೀಸ್ ಅಂದ ತಕ್ಷಣ ನಮ್ಮೂರಿನವರಿಗೆ ಹೊಳೆಯುವುದು ಭೋಗ್ಯವೇ. ಒಂದಷ್ಟು ಲಕ್ಷ ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ದುಡ್ಡು ವಾಪಸ್ ತಗೊಳ್ಳುವುದು. ಇನ್ನು ಕೆಲವರಿಗೆ ಬಿಡಿಎ ಸೈಟಿನ ಲೀಸ್ ಕಂ ಸೇಲ್ ನೆನಪಾಗುತ್ತದೆ. ಇಂಗ್ಲೆಂಡಿನ ಲೀಸ್ ಇವೆರಡೂ ಅಲ್ಲ. ಇಲ್ಲಿ ಫ್ಲಾಟನ್ನು ನೀವು ನಿಜವಾಗಿಯೂ ಕೊಳ್ಳುತ್ತೀರಿ, ಸಾಲ ಪಡೆಯುತ್ತೀರಿ, ಮಾರುತ್ತೀರಿ, ಮಕ್ಕಳಿಗೆ ಬಿಟ್ಟು ಹೋಗುತ್ತೀರಿ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಿಮ್ಮ ಹೆಸರೇ ಬರುತ್ತದೆ. ಆದರೆ ಕಟ್ಟಡ, ಅದರ ಕೆಳಗಿನ ನೆಲ ಎರಡೂ ಫ್ರೀಹೋಲ್ಡರ್‌ದು. ನಿಮಗಿರುವುದು ಇಷ್ಟು ವರ್ಷ ಎಂದು ಬರೆದ ಹಕ್ಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನೆಲದಲ್ಲೂ ನಮಗೊಂದು ಅವಿಭಾಜ್ಯ ಪಾಲು ಇರುತ್ತದಲ್ಲ, ಅದು ಇಲ್ಲಿ ಇಲ್ಲ.

ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಯಾಕೆ ಹೀಗೆ ಎಂದರೆ, ‘ರಿಪೇರಿಗೆ ನಿನ್ನ ಪಾಲು ಕೊಡಬೇಕು’ ಎಂಬಂಥ ಹೊಣೆಯನ್ನು ಫ್ರೀಹೋಲ್ಡ್ ಆಸ್ತಿಯ ಮುಂದಿನ ಮಾಲೀಕನಿಗೆ ದಾಟಿಸಲು ಇಲ್ಲಿನ ಹಳೆಯ ಕಾನೂನಿನಲ್ಲಿ ದಾರಿಯೇ ಇರಲಿಲ್ಲ. ಲೀಸಿನಲ್ಲಿ ಅದು ಸಾಧ್ಯವಿತ್ತು. ಚಾವಣಿ, ಮೆಟ್ಟಿಲು, ಲಿಫ್ಟ್ ಎಲ್ಲರಿಗೂ ಸೇರಿದ್ದಾದ ಕಟ್ಟಡಕ್ಕೆ ಲೀಸೇ ಗಟ್ಟಿಯಾಯಿತು. ಸ್ಕಾಟ್ಲೆಂಡಿನಲ್ಲಿ ಫ್ಲಾಟುಗಳಿಗೆ ಈ ಪದ್ಧತಿ ಇಲ್ಲ. ಎಡಿನ್‌ಬರೋದಲ್ಲಿರುವ ಗೆಳೆಯರು ‘ನಮಗೆ ಇಂಥದ್ದೇನೂ ಇರಲಿಲ್ಲ’ ಎಂದರೆ ಗಾಬರಿಯಾಗಬೇಡಿ.

ಈಗ ನಿಮ್ಮ 80 ವರ್ಷ 7 ತಿಂಗಳಿಗೆ ಬರೋಣ. ಈ ಸಂಖ್ಯೆ ನೋಡಿದ ಕೂಡಲೇ ನನಗೆ ಕ್ಯಾಲೆಂಡರ್ ತೆಗೆಯಬೇಕು ಅನ್ನಿಸಿತು.

1993ರ ಕಾಯ್ದೆಯಂತೆ ಫ್ಲಾಟಿನ ಲೀಸ್‌ದಾರರಿಗೆ ಲೀಸನ್ನು ಇನ್ನೂ 90 ವರ್ಷ ಬೆಳೆಸಿಕೊಳ್ಳುವ ಹಕ್ಕಿದೆ. ಅದರೊಂದಿಗೆ ಗ್ರೌಂಡ್ ರೆಂಟ್, ಅಂದರೆ ಫ್ರೀಹೋಲ್ಡರ್‌ಗೆ ಕೊಡುವ ನೆಲಬಾಡಿಗೆ ಕೂಡ ಸೊನ್ನೆಯಾಗುತ್ತದೆ. ಇದಕ್ಕೆ ಫ್ರೀಹೋಲ್ಡರ್‌ಗೆ ಒಂದು ಮೊತ್ತ ಕೊಡಬೇಕು. 80 ವರ್ಷಕ್ಕಿಂತ ಜಾಸ್ತಿ ಉಳಿದಿದ್ದರೆ ಈ ಮೊತ್ತ ಕಮ್ಮಿ. 80ಕ್ಕೆ ಇಳಿಯಿತೋ, ‘ಮ್ಯಾರೇಜ್ ವ್ಯಾಲ್ಯೂ’ ಎಂಬುದು ಸೇರಿಕೊಳ್ಳುತ್ತದೆ.

ಹೆಸರು ವಿಚಿತ್ರ, ಲೆಕ್ಕ ಸುಲಭ. ಒಂದು ಉದಾಹರಣೆ ನೋಡಿ, ಇದು ನಿಮ್ಮ ಫ್ಲಾಟಿನ ಲೆಕ್ಕವಲ್ಲ. ಲೀಸ್ ಬೆಳೆಸಿದ ಮೇಲೆ ಫ್ಲಾಟಿನ ಬೆಲೆ 3,00,000 ಪೌಂಡ್ ಅಂದುಕೊಳ್ಳಿ. ಈಗಿನ ಲೀಸಿನ ಬೆಲೆ 2,80,000, ಫ್ರೀಹೋಲ್ಡರ್ ಕಳೆದುಕೊಳ್ಳುವ ಹಕ್ಕಿನ ಬೆಲೆ 8,000. ಎರಡೂ ಕೂಡಿದರೆ 2,88,000. ಇಬ್ಬರ ಹಕ್ಕು ಒಂದಾದಾಗ 12,000 ಪೌಂಡ್ ಹೊಸದಾಗಿ ಹುಟ್ಟಿತು ಅಲ್ವಾ? ಅದೇ ಮ್ಯಾರೇಜ್ ವ್ಯಾಲ್ಯೂ. ಅದರಲ್ಲಿ ಅರ್ಧ ಫ್ರೀಹೋಲ್ಡರ್‌ಗೆ. ಹಾಗಾಗಿ 80ಕ್ಕಿಂತ ಜಾಸ್ತಿ ಇದ್ದಾಗ 8,000 ಕೊಡಬೇಕಿದ್ದವರು, 80ರ ಕೆಳಗೆ ಹೋದಾಗ 14,000 ಕೊಡಬೇಕು. ಅದೇ ಗೋಡೆ, ಅದೇ ಕಿಟಕಿ. ನಡುವೆ ಕಳೆದದ್ದು ಕೆಲವು ದಿನ ಮಾತ್ರ.

2024ರ ಮೇ ತಿಂಗಳಲ್ಲಿ ಬಂದ ಹೊಸ ಕಾಯ್ದೆ ಈ ಮ್ಯಾರೇಜ್ ವ್ಯಾಲ್ಯೂವನ್ನೇ ತೆಗೆದುಹಾಕುತ್ತದೆ, 90 ವರ್ಷದ ಬದಲು 990 ವರ್ಷ ಕೊಡುತ್ತದೆ. ಆದರೆ ನಾನು ಇದನ್ನು ಬರೆಯುವ ಹೊತ್ತಿಗೆ ಆ ಭಾಗ ಜಾರಿಗೆ ಬಂದಿಲ್ಲ. ‘ಹೇಗೂ ಬರುತ್ತಲ್ಲ, ಕಾಯಿರಿ’ ಎಂದು ಏಜೆಂಟ್ ಹೇಳಬಹುದು. ಬಾರದ ಕಾನೂನನ್ನು ನಂಬಿ ಬೆಲೆ ಒಪ್ಪಬೇಡಿ. ಜಾರಿಗೆ ಬಂದಿರುವ ಒಂದು ಬದಲಾವಣೆ ಮಾತ್ರ ನಿಮಗೆ ನೇರ ಉಪಯೋಗ. ಮೊದಲು ಲೀಸ್ ಬೆಳೆಸಲು ಎರಡು ವರ್ಷ ಮಾಲೀಕರಾಗಿರಬೇಕಿತ್ತು. 2025ರ ಜನವರಿ 31ರಿಂದ ಆ ಷರತ್ತು ಇಲ್ಲ.

ಹಾಗಾದರೆ ಕೊಂಡ ಮರುದಿನವೇ ಅರ್ಜಿ ಹಾಕಿದರಾಯಿತಲ್ಲ? ಇಲ್ಲೇ ಅನೇಕರು ಎಡವುವುದು. ಅರ್ಜಿ ಹಾಕಲು ಲ್ಯಾಂಡ್ ರಿಜಿಸ್ಟ್ರಿಯ ದಾಖಲೆಯಲ್ಲಿ ನಿಮ್ಮ ಹೆಸರು ಏರಿರಬೇಕು. ಕೀ ಕೈಗೆ ಬಂದಮೇಲೂ ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಲೀಸ್‌ಹೋಲ್ಡ್ ಖರೀದಿಯೇ ನಾಲ್ಕೈದು ತಿಂಗಳು ಎಳೆಯುವುದು ಸಾಮಾನ್ಯ. ನಿಮ್ಮ ಬಳಿ ಇರುವುದು ಏಳೇ ತಿಂಗಳು. ಅದಕ್ಕೇ ನಿಮ್ಮ ಸಾಲಿಸಿಟರ್ ‘ಬೇಗ’ ಎಂದದ್ದು. ಆದರೆ ಬೇಗ ಮುಗಿಸುವುದಕ್ಕಿಂತ ಒಳ್ಳೆಯ ದಾರಿ ಒಂದಿದೆ.

ಲೀಸ್ ಬೆಳೆಸಿಕೊಡಿ ಎಂದು ಕೇಳುವ ಅರ್ಜಿಯನ್ನು, ಅಂದರೆ 1993ರ ಕಾಯ್ದೆಯ ಸೆಕ್ಷನ್ 42ರ ನೋಟಿಸನ್ನು, ಈಗಿನ ಮಾಲೀಕರೇ ಫ್ರೀಹೋಲ್ಡರ್‌ಗೆ ಕೊಡಲಿ. ನೋಟಿಸ್ ಕೊಟ್ಟ ದಿನಕ್ಕೇ ವರ್ಷದ ಲೆಕ್ಕ ನಿಲ್ಲುತ್ತದೆ. ಆಮೇಲೆ ಮಾತುಕತೆ ಒಂದು ವರ್ಷ ಎಳೆದರೂ 80ಕ್ಕಿಂತ ಜಾಸ್ತಿ ಎಂದೇ ಲೆಕ್ಕ. ಕಂಪ್ಲೀಷನ್ ದಿನ, ಅಂದರೆ ಪೂರ್ತಿ ದುಡ್ಡು ಕೊಟ್ಟು ಕೀ ಪಡೆಯುವ ದಿನ, ಫ್ಲಾಟಿನ ಜೊತೆಗೇ ಆ ನೋಟಿಸಿನ ಹಕ್ಕನ್ನೂ ನಿಮ್ಮ ಹೆಸರಿಗೆ ಬರೆದುಕೊಡಬೇಕು. ಜೊತೆಗೇ ಎಂಬ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಫ್ಲಾಟ್ ವರ್ಗವಾಗಿ ನೋಟಿಸಿನ ಹಕ್ಕು ಬರದೇ ಹೋದರೆ ನೋಟಿಸ್ ವಾಪಸ್ ಪಡೆದಂತೆಯೇ ಆಗುತ್ತದೆ. ಮತ್ತೆ 12 ತಿಂಗಳು ಹೊಸದು ಕೊಡುವಂತಿಲ್ಲ. ಅಷ್ಟರಲ್ಲಿ ನಿಮ್ಮ ಲೀಸ್ 80ರ ಕೆಳಗೆ ಇಳಿದಿರುತ್ತದೆ.

ನೋಟಿಸಿನಲ್ಲಿ ‘ಇಷ್ಟು ಕೊಡುತ್ತೇವೆ’ ಎಂದು ಮೊತ್ತ ಬರೆಯಬೇಕು. ಅದಕ್ಕೆ ಲೀಸ್ ಬೆಲೆ ಕಟ್ಟುವುದರಲ್ಲಿ ಪಳಗಿದ ಸರ್ವೇಯರ್ ಬೇಕು. ಆ ಫೀಸು ನೀವೇ ಕೊಡುತ್ತೇವೆ ಎಂದರೆ ಮಾರುವವರು ಬೇಗ ಒಪ್ಪುತ್ತಾರೆ. ಒಪ್ಪದೇ ಹೋದರೆ, 80ರ ಕೆಳಗೆ ಇಳಿದಾಗ ಹೆಚ್ಚಾಗಿ ಕೊಡಬೇಕಾಗುವ ಮೊತ್ತವನ್ನು ಬೆಲೆಯಲ್ಲಿ ಇಳಿಸಿ ಎಂದು ಕೇಳಿ. ಅದೂ ಇಲ್ಲವೆಂದರೆ ನಾನಾಗಿದ್ದರೆ ಬೇರೆ ಫ್ಲಾಟ್ ನೋಡುತ್ತಿದ್ದೆ.

ವರ್ಷದ ಕೊರತೆಯನ್ನು ಹೀಗೆ ದುಡ್ಡು ಕೊಟ್ಟು ಸರಿಮಾಡಬಹುದು. ಕಟ್ಟಡದ ಕೊರತೆ ಹಾಗಲ್ಲ. ನನಗೆ ನಿಜಕ್ಕೂ ಚಿಂತೆಯಾಗುವುದು ಅದರದ್ದೇ. ನಾನು ಮೊದಲ ಫ್ಲಾಟ್ ಕೊಂಡಾಗ ಕಟ್ಟಡ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಕಂಪನಿಯ ಕಾಗದಪತ್ರಗಳ ಪ್ಯಾಕ್ ಬರಲು ಎಂಟು ವಾರ ಹಿಡಿಯಿತು. ಕಾದು ಸಾಕಾಗಿ, ಬಂದದ್ದನ್ನು ಮೇಲೆ ಮೇಲೆ ನೋಡಿ ಸಹಿ ಹಾಕಿದೆ. ಮನೆಗೆ ಹೋದ ಮೂರೇ ತಿಂಗಳಿಗೆ ಚಾವಣಿ ಬದಲಿಸುವ ಬಿಲ್ಲು ಬಂತು. ಅದರ ಸೂಚನೆ ಆ ಪ್ಯಾಕಿನಲ್ಲೇ ಒಂದು ಸಾಲಿನಲ್ಲಿತ್ತು.

ಆ ಪ್ಯಾಕಿನಲ್ಲಿ ಎಲ್‌ಪಿಇ1 ಎಂಬ ಫಾರಂ ಇರುತ್ತದೆ. ಸಾಲಿಸಿಟರ್ ಓದುತ್ತಾರೆ ಎಂದು ಬಿಡಬೇಡಿ, ನೀವೂ ಓದಿ. ಹಿಂದಿನ ಮೂರು ವರ್ಷದ ಸರ್ವಿಸ್ ಚಾರ್ಜಿನ (ಕಟ್ಟಡದ ನಿರ್ವಹಣೆಗೆ ಕೊಡುವ ಹಣದ) ಲೆಕ್ಕ, ದೊಡ್ಡ ರಿಪೇರಿಗೆಂದು ಕೂಡಿಟ್ಟ ಹಣ ಎಷ್ಟಿದೆ, ಸೆಕ್ಷನ್ 20ರ ನೋಟಿಸ್ ಯಾವುದಾದರೂ ಬಂದಿದೆಯಾ, ಇವಿಷ್ಟು ನೋಡಿ. ಒಂದು ಫ್ಲಾಟಿನ ಪಾಲಿಗೆ 250 ಪೌಂಡಿಗಿಂತ ಜಾಸ್ತಿ ಬೀಳುವ ಕೆಲಸ ಮಾಡಿಸಬೇಕಾದರೆ ಲೀಸ್‌ದಾರರಿಗೆ ಮೊದಲೇ ತಿಳಿಸಿ ಅಭಿಪ್ರಾಯ ಕೇಳಬೇಕು, ಅದೇ ಸೆಕ್ಷನ್ 20. ಅಂಥ ನೋಟಿಸ್ ಇದ್ದರೆ, ಮಾರುವವರ ಹಣದಲ್ಲಿ ಒಂದು ಭಾಗವನ್ನು ಸಾಲಿಸಿಟರ್ ಕೈಯಲ್ಲೇ ತಡೆಹಿಡಿಯುವಂತೆ ಕೇಳಿ. ಇದಕ್ಕೆ ರಿಟೆನ್ಷನ್ ಅಂತಾರೆ. ನಾನು ಕೇಳಲಿಲ್ಲ, ಚಾವಣಿಯ ಪೂರ್ತಿ ಪಾಲು ನಾನೇ ಕೊಟ್ಟೆ.

ಕಟ್ಟಡ 11 ಮೀಟರ್ ಅಥವಾ ಅದಕ್ಕಿಂತ ಎತ್ತರವೋ, ಐದು ಮಹಡಿಯಾದರೂ ಇದೆಯೋ ಕೇಳಿ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನ ಬೆಂಕಿಯಲ್ಲಿ 72 ಜನ ಸತ್ತರು. ಹೊರಗೋಡೆಗೆ ಹೊದಿಸಿದ್ದ ಹಾಳೆಗಳು ಬೆಂಕಿಯನ್ನು ಮೇಲಕ್ಕೆ ಹಬ್ಬಿಸಿದ್ದವು. ಆಮೇಲೆ ಬಂದ 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ಅಷ್ಟು ಎತ್ತರದ ಕಟ್ಟಡಗಳ ಅನೇಕ ಲೀಸ್‌ದಾರರಿಗೆ ಇಂಥ ಅಪಾಯದ ದೋಷಗಳ ರಿಪೇರಿ ಖರ್ಚಿನಿಂದ ರಕ್ಷಣೆ ಕೊಟ್ಟಿದೆ. ಆ ರಕ್ಷಣೆ 2022ರ ಫೆಬ್ರುವರಿ 14ರಂದು ಫ್ಲಾಟ್ ಯಾರದಾಗಿತ್ತು, ಅವರ ಹತ್ತಿರ ಎಷ್ಟು ಮನೆಗಳಿದ್ದವು ಎಂಬುದರ ಮೇಲೆ ನಿಂತಿದೆ. ಅದನ್ನು ತೋರಿಸುವ ಲೀಸ್‌ಹೋಲ್ಡರ್ ಡೀಡ್ ಆಫ್ ಸರ್ಟಿಫಿಕೇಟ್ ಇಲ್ಲದೆ ಮುಂದುವರಿಯಬೇಡಿ.

ಲೀಸ್ ಪತ್ರವನ್ನೂ ಒಮ್ಮೆ ಕೂತು ಓದಿ. ಗ್ರೌಂಡ್ ರೆಂಟ್ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಬಾಡಿಗೆಗೆ ಕೊಡಲು ಒಪ್ಪಿಗೆ ಬೇಕಾ, ಕಾರ್ಪೆಟ್ ತೆಗೆದು ಮರದ ನೆಲ ಹಾಕಿಸಬಹುದಾ, ಎಲ್ಲ ಅದರಲ್ಲೇ ಇರುತ್ತದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಊರಲ್ಲಿ ನಿಮ್ಮಿಬ್ಬರಲ್ಲಿ ಯಾರ ಹೆಸರಿಗಾದರೂ ಮನೆ ಇದೆಯಾ? ಅಪ್ಪ ಪ್ರೀತಿಯಿಂದ ಜಂಟಿ ಹೆಸರು ಹಾಕಿಸಿದ ಮನೆಯಾದರೂ ಸರಿ. ಸ್ಟ್ಯಾಂಪ್ ಡ್ಯೂಟಿಗೆ ಪ್ರಪಂಚದ ಯಾವ ಮೂಲೆಯ ಮನೆಯೂ ಲೆಕ್ಕಕ್ಕೆ ಬರುತ್ತದೆ. ಮೊದಲ ಮನೆ ಕೊಳ್ಳುವವರಿಗೆ 2,80,000 ಪೌಂಡಿನ ಫ್ಲಾಟಿಗೆ ಡ್ಯೂಟಿ ಸೊನ್ನೆ. ಆ ರಿಯಾಯಿತಿ ಇಲ್ಲವಾದರೆ 4,000. ಊರಿನ ಮನೆಯಲ್ಲಿ ನಿಮ್ಮ ಪಾಲು 40,000 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬಾಳಿದರೆ ಶೇಕಡಾ 5 ಹೆಚ್ಚುವರಿಯೂ ಸೇರಿ 18,000 ಆಗಬಹುದು. ಪಿತ್ರಾರ್ಜಿತ ಪಾಲಿಗೆ ಕೆಲವು ವಿನಾಯಿತಿಗಳಿವೆ. ಮುಚ್ಚಿಡದೆ ಸಾಲಿಸಿಟರ್‌ಗೆ ಈಗಲೇ ಹೇಳಿ. ಅಪ್ಪ ದುಡ್ಡು ಕಳಿಸುವುದಿದ್ದರೆ ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ವಾಪಸ್ ಕೇಳುವುದಿಲ್ಲ ಎಂಬ ಪತ್ರ ಎರಡನ್ನೂ ಈಗಲೇ ತರಿಸಿಟ್ಟುಕೊಳ್ಳಿ.

ನಾಳೆ ಬೆಳಿಗ್ಗೆ ಸಾಲಿಸಿಟರ್‌ಗೆ ಮೇಲ್ ಹಾಕಿ. ಲೀಸ್ ಯಾವ ತಾರೀಕಿಗೆ ಸರಿಯಾಗಿ 80 ವರ್ಷಕ್ಕೆ ಇಳಿಯುತ್ತದೆ, ಅದಕ್ಕೆ ಮುಂಚೆ ಮಾರುವವರು ಸೆಕ್ಷನ್ 42 ನೋಟಿಸ್ ಕೊಟ್ಟು ಅದರ ಹಕ್ಕನ್ನು ಕಂಪ್ಲೀಷನ್ ದಿನವೇ ನಮಗೆ ಬರೆದುಕೊಡುತ್ತಾರಾ, ಈ ಮಾತು ಕಾಂಟ್ರಾಕ್ಟಿನಲ್ಲಿ ಸೇರುತ್ತದಾ ಎಂದು ಕೇಳಿ. ಹೌದು ಎಂಬ ಉತ್ತರ ಬಂದು, ಪ್ಯಾಕಿನಲ್ಲಿ ಹೆದರಿಸುವಂಥದ್ದು ಏನೂ ಇರದಿದ್ದರೆ, ಅಪ್ಪನಿಗೆ ಫೋನ್ ಮಾಡಿ ಹೇಳಿ: ಲೀಸ್ ಬೆಳೆಸಿದ ಮೇಲೆ ಮನೆಯ ಹಕ್ಕು 170 ವರ್ಷ, ಗ್ರೌಂಡ್ ರೆಂಟ್ ಇಲ್ಲ.