‘ಆಜ್ಞೆ ಮಾಡು’ ಅನ್ನುತ್ತಾನೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಕಾರವಾರದವನು, ವಯಸ್ಸು 29, ಗೇ. ಸಂಗಾತಿ ಶಿರಸಿ ಕಡೆಯವನು, ನನ್ನದೇ ವಯಸ್ಸು. ಏಕಾಂತದಲ್ಲಿ ನಾನು ಯಜಮಾನನ ಹಾಗೆ ಆಜ್ಞೆ ಮಾಡಬೇಕು, ತಾನು ಕೇಳಬೇಕು ಅನ್ನುವುದು ಅವನ ಆಸೆ. ನನಗೂ ಇಷ್ಟವೇ. ಆದರೆ ಅದು ನಿಜವಾದ ದಬ್ಬಾಳಿಕೆ ಆಗಿಬಿಟ್ಟರೆ?

ಉತ್ತರ: ಯಕ್ಷಗಾನ ನೋಡಿ ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ. ರಾಕ್ಷಸ ವೇಷ ಎಷ್ಟೇ ಅಬ್ಬರಿಸಲಿ, ಕುಣಿತದ ಹಿಡಿತ ಇರುವುದು ಹಾಡುತ್ತಾ ಆಟ ನಡೆಸುವ ಭಾಗವತರ ಕೈಯಲ್ಲಿ. ನಿಮ್ಮ ಆಟದಲ್ಲಿ ವೇಷ ನಿಮ್ಮದು, ಭಾಗವತಿಕೆ ಅವನದು. ಅವನು ನಿಲ್ಲಿಸಿದ ಕ್ಷಣ ನಿಲ್ಲಬೇಕು, ಯಾಕೆ ಅಂತ ಕೇಳುವುದು ಆಮೇಲೆ.

ಮಾತುಕತೆ ಹಾಸಿಗೆಯಲ್ಲಿ ಬೇಡ. ಹಗಲು ಹೊತ್ತು, ಚಹಾ ಕುಡಿಯುತ್ತಾ ಕೂತು ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ: ಬೇಕು, ನೋಡೋಣ, ಬೇಡವೇ ಬೇಡ. ಮೂರನೆಯದರ ಬಗ್ಗೆ ಚೌಕಾಸಿ ಇಲ್ಲ. ಬೈಗುಳದ ವಿಷಯ ಬಿಡಿಸಿ ಕೇಳಿ. ಶಾಲೆಯಲ್ಲಿ ‘ಹೆಣ್ಣಿಗ’ ಅನ್ನಿಸಿಕೊಂಡವನಿಗೆ ಅದೇ ಮಾತು ಆಟದಲ್ಲಿ ಬಂದರೆ ಹಳೆಯ ಗಾಯ ಕೆದಕಬಹುದು. ಜಾತಿ, ಮೈಬಣ್ಣ ಕೂಡ ಹಾಗೆಯೇ.

ನಿಲ್ಲಿಸುವ ಮಾತಾಗಿ ‘ಬೇಡ’ ಸಾಲದು, ಪಾತ್ರದೊಳಗೇ ಅವನು ಹಾಗನ್ನಬಹುದು. ‘ಕೆಂಪು’ ಅಂದರೆ ಪೂರ್ತಿ ನಿಲ್ಲು, ‘ಹಳದಿ’ ಅಂದರೆ ನಿಧಾನಿಸು ಅಂತ ಗೊತ್ತು ಮಾಡಿಕೊಳ್ಳಿ. ಬಾಯಿ ಬಿಡಲಾಗದ ಹೊತ್ತಿಗೆ ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿಸಿ: ಅದು ಬಿತ್ತೆಂದರೆ ಕೆಂಪು. ಪದ ಗೊತ್ತಾದ ಮಾತ್ರಕ್ಕೆ ಬಾಯಿಗೆ ಬರುವುದಿಲ್ಲ. ಮೊದಲ ದಿನವೇ ಸುಮ್ಮನೆ ಎರಡು ಸಲ ‘ಕೆಂಪು’ ಹೇಳಿಸಿ, ನಿಲ್ಲಿಸಿ ತೋರಿಸಿ.

ಮೊದಲ ಆಟ 20 ನಿಮಿಷಕ್ಕೆ ಮುಗಿಯಲಿ, ನೋವು, ಹಗ್ಗ ಯಾವುದೂ ಬೇಡ. ಹಂಚಿನ ಮನೆಗಳಲ್ಲಿ ಗೋಡೆ ಮಾಡಿನವರೆಗೆ ಮುಟ್ಟದೆ ಇರುವುದು ಸಾಮಾನ್ಯ. ಪಿಸುಮಾತೂ ಪಕ್ಕದ ಕೋಣೆಗೆ ಹೋಗುತ್ತದೆ. ಹಾಗಾಗಿ ಸದ್ದಿಲ್ಲದ ಆಜ್ಞೆ ಒಳ್ಳೆಯದು: ಟವೆಲ್ ನಾಲ್ಕು ಮಡಿಕೆ ಮಾಡಿ ಇಡು, ನಾನು ಹೇಳುವ ತನಕ ತಲೆ ಎತ್ತಬೇಡ. ಇಷ್ಟರಲ್ಲೇ ಎಷ್ಟು ಅಧಿಕಾರ ಇದೆ ಅನ್ನುವುದು ಮಾಡಿ ನೋಡಿದವರಿಗೆ ಗೊತ್ತು.

ಮುಂದೆ ಕಟ್ಟುವ ಆಸೆ ಬಂದರೆ, ದೋಣಿಯ ನೈಲಾನ್ ಹಗ್ಗ ಮುಟ್ಟಬೇಡಿ. ಎಳೆದರೆ ಚರ್ಮ ಸುಡುತ್ತದೆ, ಗಂಟು ಒಂದೋ ಜಾರುತ್ತದೆ ಇಲ್ಲವೇ ಬಿಗಿದು ಕೂರುತ್ತದೆ. ತೆಳು ದುಪ್ಪಟ್ಟದ ಗಂಟೂ ಬಿಚ್ಚಲು ಬರುವುದಿಲ್ಲ. 6ರಿಂದ 8 ಮಿಲಿಮೀಟರ್ ದಪ್ಪದ ಮೆತ್ತನೆಯ ಹತ್ತಿ ಹಗ್ಗ ಸಾಕು. ಕಟ್ಟಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, 10 ನಿಮಿಷಕ್ಕೆ ಬಿಚ್ಚಬೇಕು. ಜೋಮು, ಬೆರಳು ತಣ್ಣಗಾಗುವುದು, ಹೆಬ್ಬೆರಳು ಎತ್ತಲಾಗದಿರುವುದು ಕಂಡರೆ ತಕ್ಷಣ ಹಗ್ಗ ಕತ್ತರಿಸಿ. ಬಿಚ್ಚಿದ ಮೇಲೂ ಕೈ ಸೋತಿದ್ದರೆ ಡಾಕ್ಟರ ಹತ್ತಿರ ಹೋಗಿ. ಮೊಂಡು ತುದಿಯ ಕತ್ತರಿ ಕೈಗೆಟುಕುವಲ್ಲೇ ಇರಲಿ, ಪಕ್ಕದಲ್ಲಿ ಟಾರ್ಚ್ ಕೂಡ. ನಮ್ಮ ಮಳೆಗಾಲದ ಕರೆಂಟಿಗೆ ಹೇಳಿ ಹೋಗುವ ಅಭ್ಯಾಸ ಇಲ್ಲ. ಕಟ್ಟಿದವನನ್ನು ಬಿಟ್ಟು ಕೋಣೆಯಿಂದ ಹೊರಗೆ ಹೋಗಲೇಬೇಡಿ. ಕುತ್ತಿಗೆ ಒತ್ತುವುದಕ್ಕೆ ಸುರಕ್ಷಿತ ವಿಧಾನವೇ ಇಲ್ಲ, ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಗೋವಾ ಗಡಿ ಹತ್ತಿರ, ಬಾಟಲಿ ಅಗ್ಗ; ಆದರೆ ಕುಡಿದ ದಿನ ಆಟ ಇಲ್ಲ.

ಇಷ್ಟೆಲ್ಲ ಸರಿ ಇದ್ದೂ ಕೆಡುವುದು ಬೇರೆ ಕಡೆ. ಸಣ್ಣ ಊರಿನಲ್ಲಿ ಇನ್ನೊಬ್ಬ ಸಂಗಾತಿ ಸಿಗುವುದು ಕಷ್ಟ. ಇವನನ್ನೂ ಕಳೆದುಕೊಂಡರೆ ಅನ್ನುವ ಭಯದಲ್ಲಿ ಎಲ್ಲದಕ್ಕೂ ‘ಹೂಂ’ ಅನ್ನುವವರಿದ್ದಾರೆ. ಅವನು ಒಮ್ಮೆಯೂ ಏನನ್ನೂ ಬೇಡ ಅಂದಿಲ್ಲವಾದರೆ ಖುಷಿಪಡಬೇಡಿ, ಅನುಮಾನಪಡಿ. ನೀವೇ ಒಂದು ಸಣ್ಣ ವಿಷಯಕ್ಕೆ ‘ನನಗೆ ಇದು ಬೇಡ’ ಅಂದು ದಾರಿ ತೋರಿಸಿ. ಅವನ ಸಂಬಳ, ಫೋನಿನ ಪಾಸ್‌ವರ್ಡ್ ಆಟದೊಳಗೆ ಬರಬಾರದು. ಫೋಟೊ ಬೇಡ. ಯಾರಾದರೂ ‘ಮನೆಗೆ ಹೇಳುತ್ತೇನೆ’ ಅಂದರೆ ಅದು ಡಾಮಿನೆನ್ಸ್ (ಒಪ್ಪಿಗೆಯ ಯಜಮಾನಿಕೆ) ಅಲ್ಲ, ಬ್ಲ್ಯಾಕ್‌ಮೇಲ್. ‘ನಿಜವಾದ ಸಬ್‌ಗೆ (ಆಟದಲ್ಲಿ ಆಜ್ಞೆ ಕೇಳುವವನಿಗೆ) ಮಿತಿ ಇರುವುದಿಲ್ಲ’ ಅನ್ನುವವನಿಂದಲೂ ದೂರ ಇರಿ.

ವಯಸ್ಕರು ಒಪ್ಪಿ, ಖಾಸಗಿಯಾಗಿ ನಡೆಸುವ ಸಲಿಂಗ ಸಂಬಂಧ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅಪರಾಧವಲ್ಲ. ಆದರೆ ಅದು ಗಾಯ ಮಾಡಲು ಪರವಾನಗಿಯೂ ಅಲ್ಲ. ಗೋಕರ್ಣದ ಓಂ ಬೀಚಿನ ಬಂಡೆ ಮರೆ ಖಾಸಗಿ ಜಾಗವೂ ಅಲ್ಲ, ದಾರಿಹೋಕರು ಯಾವುದಕ್ಕೂ ಒಪ್ಪಿರುವುದಿಲ್ಲ.

ಆಟ ಮುಗಿದ ಮೇಲೆ, ಯಕ್ಷಗಾನದವರು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣ ತೆಗೆಯುವಷ್ಟು ಹೊತ್ತು ಬೇಕು. ಹೊದಿಕೆ, ನೀರು, ಒಂದು ಲೋಟ ಮುರುಗಲು ಪಾನಕ, ಅವನ ಹೆಸರು ಹಿಡಿದು ಮಾಮೂಲು ಮಾತು. ಒಂದೆರಡು ದಿನ ಬಿಟ್ಟು ಮಂಕು ಕವಿಯುವುದುಂಟು, ಆಜ್ಞೆ ಮಾಡಿದವನಿಗೂ. ಆದ್ದರಿಂದ ಮರುದಿನ ಫೋನ್ ಮಾಡಿ: ‘ಯಾವುದು ಮತ್ತೆ ಬೇಕು, ಯಾವುದು ಬೇಡ?’ ಉತ್ತರ ನೋಡಿ ಪಟ್ಟಿ ತಿದ್ದಿ. ಹಾಳೆಯನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ನೆನಪಿಟ್ಟು ಒಲೆಗೆ ಹಾಕಿ.